ನೆಂಟರ ಲೈನು

"ಕಿತ್ತುಬಿಡಿ," ಎಂದ. ಹೇಳಿದ ಮೇಲೆ ಆ ದನಿ ತನ್ನದಲ್ಲವೇನೋ ಅನ್ನಿಸಿತು.

ಏಣಿಯ ಮೇಲಿದ್ದ ಇಂಟರ್ನೆಟ್ ಲೈನಿನವನು ಕತ್ತರಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೆಳಗೆ ನೋಡಿದ. "ಇನ್ನೊಂದ್ಸಲ ಯೋಚ್ನೆ ಮಾಡಿ ಸಾರ್. ಒಂದು ಹೋದ್ರೆ ಇನ್ನೊಂದು ಇರ್ಲಿ ಅಂತಾನೇ ಅಲ್ವಾ ಜನ ಎರಡೆರಡು ಹಾಕಿಸ್ಕೊಳ್ಳೋದು?"

"ಇನ್ನೊಂದು ಇದೆಯಲ್ಲ."

"ಅದು ಯಾರ್ದು?"

"ಮನೆಯವರದು."

ಲೈನಿನವನು ನಕ್ಕ. "ಮತ್ತೆ ಇದು?"

ಕೆಳಗೆ ನಿಂತಿದ್ದ ಅವನು ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

ನಡುಮನೆಯ ಕಿಟಕಿಯ ಪಕ್ಕ ಕೊರೆದ ಒಂದೇ ತೂತಿನಿಂದ ಎರಡು ವೈರುಗಳು ಒಳಗೆ ಬರುತ್ತಿದ್ದವು. ಗೋಡೆಯ ಮೇಲೆ ಸ್ವಲ್ಪ ದೂರ ಜೋಡಿಯಾಗಿ ನಡೆದು, ಗಡಿಯಾರದ ಕೆಳಗೆ ಬೇರೆಯಾಗಿ, ಕಪ್ಪು ವೈರು ಅವನ ಕೋಣೆಗೂ ಬಿಳಿಯದು ಹೆಂಡತಿಯ ಕೋಣೆಗೂ ಹೋಗುತ್ತಿದ್ದವು.

ಅವನು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಪರದೆಯ ಮೇಲೆ ತಿದ್ದುವವನು. ಅವಳು ವಿಮಾ ಕಂಪನಿಗೆ ಬರುವ ತಕರಾರುಗಳನ್ನು ಮನೆಯಿಂದಲೇ ಕೇಳುವವಳು. ಮೊದಲು ಇಬ್ಬರಿಗೂ ಒಂದೇ ಲೈನು. ಅವಳ ಬಡ್ತಿಯ ಸಂದರ್ಶನ ನಡೆಯುತ್ತಿದ್ದ ಹೊತ್ತಿಗೇ ಅವನು ಪತ್ರಿಕೆಗಳ ದೊಡ್ಡ ಕಂತೆಯೊಂದನ್ನು ಇಳಿಸಿಕೊಳ್ಳಲು ಕೂತ. ಅತ್ತ ಅಧಿಕಾರಿಗಳ ಪರದೆಯಲ್ಲಿ ಅವಳ ಮುಖ ಬಾಯಿ ತೆರೆದುಕೊಂಡೇ ನಿಂತುಬಿಟ್ಟಿತಂತೆ. ಅವಳು ಜಗಳವಾಡಲಿಲ್ಲ. ಮರುದಿನ ಬೇರೆ ಕಂಪನಿಯವರನ್ನು ಕರೆಸಿದಳು. "ನಿಮ್ಮ ಪಾಡಿಗೆ ನೀವು, ನನ್ನ ಪಾಡಿಗೆ ನಾನು," ಎಂದಳು, ಒಳ್ಳೆಯ ಮಾತಿನಲ್ಲೇ.

ಅನುಕೂಲವೇ ಆಯಿತು. ಮುಂಚೆ ನೆಟ್ ಹೋದರೆ ಇಬ್ಬರೂ ನಡುಮನೆಗೆ ಬರುತ್ತಿದ್ದರು. "ನಿನಗೂ ಹೋಯ್ತಾ?" "ಹೂಂ ರೀ, ನಿಮಗೂ?" ಚಹಾ ಕುಡಿಯುತ್ತ ಕಂಪನಿಯವರ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಈಗ ಅವನದು ಹೋದಾಗ ಅವಳದು ಇರುತ್ತಿತ್ತು. ಅವಳ ಬಾಗಿಲು ತೆರೆಯಲು ಕಾರಣವೇ ಇರಲಿಲ್ಲ.

ಅವನ ಅಪ್ಪನೂ ದೊಡ್ಡಪ್ಪನೂ ಪಾಲಾದಾಗ ಹಿತ್ತಲ ಬಾವಿಗೆ ಎರಡು ರಾಟೆ ಬಿದ್ದಿದ್ದವು. ಹಗ್ಗ ಬೇರೆ, ಕೊಡ ಬೇರೆ. ಆದರೆ ನೀರು ಸೇದುವಾಗ ಅಮ್ಮನೂ ದೊಡ್ಡಮ್ಮನೂ ಎದುರುಬದುರು ನಿಲ್ಲಲೇಬೇಕಿತ್ತು. ಬೈದುಕೊಳ್ಳುವುದಕ್ಕಾದರೂ ಮಾತಾಡುತ್ತಿದ್ದರು. ಈ ಮನೆಯಲ್ಲಿ ಬೈಗುಳವೂ ಬತ್ತಿತ್ತು.

ತನ್ನ ಲೈನು ತೆಗೆಸಿಬಿಟ್ಟರೆ ಎಂಬ ಯೋಚನೆ ಬಂದದ್ದು ಹಾಗೆ. ಆಗ ಅವಳ ಬಾಗಿಲು ತಟ್ಟಿ ಪಾಸ್‌ವರ್ಡ್ ಕೇಳಬೇಕಾಗುತ್ತದೆ. ಅವಳು ಹೇಳಬೇಕಾಗುತ್ತದೆ. ಅಲ್ಲಿಂದ ಏನಾದರೂ ಶುರುವಾದೀತು. ಹೇಳುವ ಮಾತನ್ನೂ ಸ್ನಾನ ಮಾಡುವಾಗ ಒಪ್ಪಮಾಡಿಟ್ಟುಕೊಂಡಿದ್ದ: ಒಂದೇ ಸಾಕು ಅನ್ನಿಸ್ತು.

ಲೈನಿನವನು ಕಪ್ಪು ವೈರನ್ನು ಎಳೆದು ಮೊಳಕೈಗೆ ಸುತ್ತಿಕೊಂಡ. ಅವನ ಕೋಣೆಯ ಗೋಡೆಯಿಂದ ನೆಟ್ಟಿನ ಪೆಟ್ಟಿಗೆಯನ್ನು ಕಳಚಿ ಚೀಲಕ್ಕೆ ಹಾಕಿದ. "ಕ್ಲಿಪ್ಪು ಹಾಗೇ ಇರ್ಲಿ ಸಾರ್, ಕಿತ್ರೆ ಗಾರೆ ಬೀಳುತ್ತೆ," ಎಂದು ಹೇಳಿ ಹೊರಟ.

ಅವನು ಹೆಂಡತಿಯ ಬಾಗಿಲು ತಟ್ಟಿದ.

ಅವಳು ಅರ್ಧ ತೆರೆದಳು. ಕಿವಿಯ ಹೆಡ್‌ಫೋನನ್ನು ಒಂದು ಕಡೆ ಮಾತ್ರ ಸರಿಸಿದಳು. "ಏನು?"

"ನನ್ನ ಲೈನು ತೆಗೆಸಿಬಿಟ್ಟೆ."

"ಯಾಕೆ, ಕೆಟ್ಟಿತ್ತಾ?"

"ಇಲ್ಲ. ಒಂದೇ ಸಾಕು ಅನ್ನಿಸ್ತು."

"ಯಾರಿಗೆ?"

"ಇಬ್ಬರಿಗೂ."

"ಮೊದಲೇ ಒಂದು ಮಾತು ಕೇಳಬಾರದಿತ್ತಾ?"

"ಕೇಳೋಣ ಅಂತಿದ್ದೆ. ನೀನು ಫೋನಲ್ಲಿದ್ದೆ."

"ಯಾವಾಗ?"

"ಯಾವಾಗಲೂ."

ಅವಳು ನಗಬಹುದೆಂದುಕೊಂಡ. ಅವಳು ತುಂಬಾ ದಣಿದವಳ ಹಾಗೆ ಬಾಗಿಲ ಚೌಕಟ್ಟಿಗೆ ಒರಗಿದಳು. ಒಂದು ಗಳಿಗೆ, ಏನೋ ಹೇಳುವವಳಂತೆ, ಅವನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಹೆಡ್‌ಫೋನಿನೊಳಗೆ ಯಾರೋ ಕೂಗಿದರು.

"ಪಾಸ್‌ವರ್ಡ್ ಹೇಳಿದ್ರೆ..." ಎಂದ.

"ಇದನ್ನ ಬೇರೆಯವರಿಗೆ ಕೊಡಬಾರದು ಅಂತ ಆಫೀಸಿನವರ ಕಟ್ಟುನಿಟ್ಟು." ಮಾತು ಬಾಯಿಂದ ಹೊರಬಿದ್ದ ಮೇಲೆ ಅವಳಿಗೂ ಅದು ಕೇಳಿಸಿರಬೇಕು, ಅವಸರವಾಗಿ ಮುಂದುವರಿಸಿದಳು. "ನೆಂಟರಿಗೆ ಅಂತ ಇನ್ನೊಂದು ಮಾಡಿಟ್ಟಿದ್ದೀನಿ. ನಿಮ್ಮ ತಂಗಿ ಬಂದಾಗ ಕೊಟ್ಟಿದ್ನಲ್ಲ, ಅದೇ. ಪಾಸ್‌ವರ್ಡೂ ಬೇಡ, ಒಪ್ಪಿಗೆ ಅಂತ ಒತ್ತಿದ್ರೆ ಸಾಕು. ಗಂಟೆಗೊಂದ್ಸಲ ಹೋಗುತ್ತೆ, ಮತ್ತೆ ಒತ್ತಬೇಕು."

"ಗಂಟೆಗೊಂದ್ಸಲಾನಾ?"

"ನೆಂಟರು ಎಷ್ಟೊತ್ತು ಇರ್ತಾರೆ?" ತಮಾಷೆಗೆ ಹೇಳಿದ್ದಲ್ಲ, ಲೆಕ್ಕ ಒಪ್ಪಿಸುವ ದನಿ. "ಆ ತೂತು ಮುಚ್ಚಿಸಿ. ಹುಳಹುಪ್ಪಟೆ ಬರುತ್ತೆ."

ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಅವನು ತನ್ನ ಕೋಣೆಗೆ ಬಂದು ಕೂತ. ಪರದೆ 'ಅತಿಥಿಗಳಿಗೆ ಸ್ವಾಗತ' ಎಂದಿತು. ಷರತ್ತುಗಳನ್ನು ಓದದೆ ಒಪ್ಪಿಗೆ ಒತ್ತಿದ. ಯಾರೋ ಕಾಣದ ಹುಡುಗಿ ದುಂಡಗೆ ಬರೆದ ಉತ್ತರ ತೆರೆದುಕೊಂಡಿತು. ಒಂದಕ್ಕೆ ಅಂಕ ಕೊಟ್ಟ, ಇನ್ನೊಂದಕ್ಕೆ ಕೊಟ್ಟ. ಆಚೆ ಗೋಡೆಯಿಂದ ಅವಳ ದನಿ ಸಣ್ಣಗೆ ಬರುತ್ತಿತ್ತು. "ಅರ್ಥವಾಗುತ್ತೆ, ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ, ಹೇಳಿ," ಎಂದು ಯಾರನ್ನೋ ಸಮಾಧಾನ ಮಾಡುತ್ತಿದ್ದಳು.

ಸಂಜೆಯ ಹೊತ್ತಿಗೆ ಪರದೆ ಮತ್ತೆ ಸ್ವಾಗತ ಕೋರಿತು. ಎಷ್ಟನೆಯ ಸಲವೋ. ಕೈ ಎತ್ತಿದವನು ಗೋಡೆಯತ್ತ ನೋಡಿದ.

ಮುಚ್ಚದ ತೂತಿನಿಂದ ಇರುವೆಗಳು ಬಂದಿದ್ದವು. ವೈರು ಇದ್ದ ಜಾಡನ್ನೇ ಹಿಡಿದು, ಖಾಲಿ ಕ್ಲಿಪ್ಪುಗಳ ಕೆಳಗೆ ನುಸುಳುತ್ತ, ನಡುಮನೆ ದಾಟಿ ಅವನ ಕೋಣೆಯವರೆಗೆ ಸಾಲುಗಟ್ಟಿದ್ದವು. ಪೆಟ್ಟಿಗೆ ಇದ್ದ ಕಡೆ ಗೋಡೆಯ ಹಳೆಯ ಬಣ್ಣ ಚೌಕವಾಗಿ ಬೆಳ್ಳಗೆ ಉಳಿದಿತ್ತು. ಸಾಲಿನ ಮುಂದಿದ್ದ ಇರುವೆ ಆ ಚೌಕದ ಅಂಚಿಗೆ ಬಂದು ನಿಂತಿತು. ಮೀಸೆ ಆಡಿಸಿತು. ಒಳಗೆ ಕಾಲಿಡಲಿಲ್ಲ. ಹಿಂದಿನವು ಬಂದು ಅದಕ್ಕೆ ಒತ್ತಿಕೊಂಡವು. ಆಮೇಲೆ ಒಂದರ ಹಿಂದೊಂದು ಆ ಬಿಳಿಯ ಸುತ್ತ ಸುತ್ತತೊಡಗಿದವು.