ಪುಸ್ತಕದಲ್ಲಿಲ್ಲದ ಸಾಲು

ಕಣ್ಣು ಕಾಣದವರಿಗಾಗಿ ಕಾದಂಬರಿಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸುವುದು ಅವಳ ಕೆಲಸ. ಸ್ಟುಡಿಯೊದಲ್ಲಿ ಎಲ್ಲರಿಗೂ ಅವಳು ಗಂಟಲಮ್ಮ. ಕೊಲೆ, ಪ್ರೇಮ, ಯುದ್ಧ ಏನು ಕೊಟ್ಟರೂ ನೀರು ಕುಡಿದಷ್ಟು ಸಲೀಸಾಗಿ ಓದಿ ಮುಗಿಸುವ ಹೆಂಗಸು. ಈ ಸಲ ಬಂದ ಪುಸ್ತಕ ಮಾತ್ರ ಅವಳ ಪ್ರಾಣ ಹಿಂಡುತ್ತಿತ್ತು. ಅದು ಹೊಸ ಬಗೆಯ ಕಾದಂಬರಿಯಂತೆ. ಹೊಸದು ಎಂದರೆ ಕಥೆಯೇ ಇಲ್ಲ. ದರ್ಜಿ ಹೆಂಗಸೊಬ್ಬಳು ಬೆಳಗ್ಗೆ ಬಟ್ಟೆ ಕತ್ತರಿಸಲು ಕೂರುತ್ತಾಳೆ, ಸಂಜೆ ಏಳುತ್ತಾಳೆ. ಆ ನಡುವೆ ಅವಳ ತಲೆಯೊಳಗೆ ಏನೇನು ಓಡುತ್ತದೋ ಅದೆಲ್ಲ ಪುಟಗಟ್ಟಲೆ. ಸತ್ತ ಗಂಡ, ಕಳೆದ ಸೂಜಿ, ಗಿರಾಕಿಯ ಸೊಂಟದ ಅಳತೆ, ಸಾವಿನ ಭಯ, ಎಲ್ಲ ಒಂದರ ಬೆನ್ನಿಗೆ ಒಂದು, ನಡುವೆ ಪೂರ್ಣವಿರಾಮದ ದಾಕ್ಷಿಣ್ಯವೂ ಇಲ್ಲ. ಬರೆದವರಿಗೇನು, ಬರೆದು ಕೈತೊಳೆದುಕೊಂಡರು. ಉಸಿರು ಎಲ್ಲಿ ಎಳೆದುಕೊಳ್ಳಬೇಕೆಂದು ಒದ್ದಾಡಬೇಕಾದವಳು ಓದುವವಳು.

ನಾಲಗೆ ತೊಡರಿದಾಗ ಅವಳು ಒಂದು ಚಪ್ಪಾಳೆ ತಟ್ಟಿ ಆ ಸಾಲನ್ನು ಮತ್ತೆ ಓದುತ್ತಿದ್ದಳು. ಗಾಜಿನಾಚೆ ಕೂತ ತಂತ್ರಜ್ಞ ಚಪ್ಪಾಳೆ ಇದ್ದಲ್ಲೆಲ್ಲ ತಪ್ಪನ್ನು ಕತ್ತರಿಸಿ ತೆಗೆಯುತ್ತಿದ್ದ. ಅವನಿಗೆ ಕತ್ತರಿ ಎಂದೇ ಹೆಸರು ಬಿದ್ದಿತ್ತು. ಬೇರೆ ಪುಸ್ತಕಗಳಾದರೆ ಸಾಲಿನ ಮೇಲೆ ಬೆರಳಿಟ್ಟು ಜೊತೆಗೇ ಓದುತ್ತಿದ್ದವನು ಈ ಪುಸ್ತಕದಲ್ಲಿ ಮೊದಲ ಅಧ್ಯಾಯಕ್ಕೇ ಕೈಚೆಲ್ಲಿದ. ಚಪ್ಪಾಳೆ ಕೇಳಿಸಿದರೆ ಕತ್ತರಿಸುತ್ತೇನೆ, ಮಿಕ್ಕಿದ್ದು ದೇವರ ಚಿತ್ತ ಎಂದು ಕುರ್ಚಿಗೆ ಒರಗಿಬಿಟ್ಟ.

ಆ ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಅವಳ ಕಿವಿಯಲ್ಲಿ ಒಂದು ಸಾಲು ತಿರುಗತೊಡಗಿತು. ಅಕ್ಕ ಇಲ್ಲದ ಮನೆ ಹೇಗಿರಬಹುದು ಒಂದೇ ಒಂದು ದಿನ ಬಾಗಿಲು ತೆರೆದರೆ ಒಳಗೆ ಯಾರೂ ಇಲ್ಲ. ದಿನವಿಡೀ ಓದಿದ್ದು ಹೀಗೆ ಸಂಜೆ ತಲೆಯಲ್ಲಿ ಗುನುಗುವುದು ಹೊಸದೇನಲ್ಲ ಎಂದು ಕಿಟಕಿಯಾಚೆ ನೋಡುತ್ತ ಕೂತಳು. ಆಮೇಲೆ ಹೊಳೆಯಿತು. ದರ್ಜಿಗೆ ಅಕ್ಕ ಇರಲಿಲ್ಲ. ಇದ್ದವನು ಒಬ್ಬ ತಮ್ಮ, ಅವನೂ ಸೈನ್ಯಕ್ಕೆ ಸೇರಿ ಹೋದವನು.

ಅಕ್ಕ ಇದ್ದದ್ದು ಇವಳಿಗೆ. ಅಮ್ಮ ತೀರಿಕೊಂಡ ಮೇಲೆ ಮದುವೆ ಗಿದುವೆ ಎನ್ನದೆ ತಂಗಿಯನ್ನು ಸಾಕಿ ಓದಿಸಿದವಳು. ಈಗ ಕಣ್ಣು ಪೂರ್ತಿ ಹೋಗಿ ತಂಗಿಯ ಮನೆಯಲ್ಲಿದ್ದಳು. ತಂಗಿ ಓದಿದ ಪುಸ್ತಕ ಯಾವುದೇ ಬರಲಿ, ಫೋನಿನಲ್ಲಿ ಮೊದಲು ಕೇಳುವವಳು ಅವಳೇ.

ಚೀಲದಿಂದ ಪುಸ್ತಕ ತೆಗೆದು ಅಂದು ಓದಿದ ಪುಟಗಳನ್ನೆಲ್ಲ ತಿರುವಿದಳು. ಆ ಸಾಲು ಎಲ್ಲೂ ಇರಲಿಲ್ಲ. ಹಾಗಾದರೆ ಅಂದುಕೊಂಡಿದ್ದೋ, ಅಂದೇಬಿಟ್ಟಿದ್ದೋ? ಎಷ್ಟು ಕೆದಕಿದರೂ ನೆನಪಾಗಲಿಲ್ಲ. ಊಟದ ಹೊತ್ತಿಗೆ ಮುಂಚೆ ಗಂಟಲು ಒಣಗಿತ್ತು, ಅಕ್ಕನ ಮಾತ್ರೆ ಮುಗಿದಿದೆ ಎಂದು ಹೊಳೆದಿತ್ತು, ಕಣ್ಣು ಪುಟದ ಮೇಲಿತ್ತು, ಬಾಯಿ ಓಡುತ್ತಲೇ ಇತ್ತು. ಚಪ್ಪಾಳೆಯಂತೂ ತಟ್ಟಿರಲಿಲ್ಲ.

ಬಸ್ಸಿನಿಂದಲೇ ಕತ್ತರಿಗೆ ಫೋನು ಮಾಡಿದಳು. ಓದಿನಲ್ಲಿ ಏನಾದರೂ ವಿಚಿತ್ರ ಕೇಳಿಸಿತೇ ಎಂದು ಸುತ್ತಿ ಬಳಸಿ ವಿಚಾರಿಸಿದರೆ ಅವನು ನಕ್ಕ.

“ಆ ಪುಸ್ತಕ ಪೂರ್ತಿ ವಿಚಿತ್ರಾನೇ ಅಲ್ವಾ? ಅದ್ರಲ್ಲಿ ಯಾವುದು ಅಂತ ಹಿಡೀಲಿ?”

ಇವತ್ತಿನ ಭಾಗ ಆಗಲೇ ಕೇಳುಗರ ಫೋನುಗಳಿಗೆ ಹೋಗಿಯೂ ಆಗಿದೆ ಎಂದ. ತಪ್ಪು ಎಲ್ಲಿದೆ ಎಂದು ಹೇಳಿದರೆ ನಾಳೆ ಬಂದು ತೆಗೆಯುತ್ತಾನಂತೆ. ನಾಳೆ ಯಾರಿಗೆ ಬೇಕಾಗಿತ್ತು? ಬಸ್ಸು ನಿಲ್ಲುವ ಮೊದಲೇ ಇಳಿದು ಬಿದ್ದಂಬೀಳ ಓಡಿದಳು.

ಬಾಗಿಲು ತೆಗೆದಾಗ ಕೋಣೆಯ ತುಂಬ ಅವಳದೇ ದನಿ. ಅಕ್ಕ ಮಂಚದ ಮೇಲೆ ಗೋಡೆಗೆ ಒರಗಿ, ಫೋನನ್ನು ತೊಡೆಯ ಮೇಲಿಟ್ಟುಕೊಂಡು ಮೈಯೆಲ್ಲ ಕಿವಿಯಾಗಿ ಕೂತಿದ್ದಳು. ಇದು ಬೋರು ಪುಸ್ತಕ, ಬೇರೆ ಒಳ್ಳೆಯದೊಂದು ಹಾಕಿಕೊಡುತ್ತೇನೆ ಎಂದು ಇವಳು ಕೈ ಚಾಚಿದಳು. ಅಕ್ಕ ಕೊಡಲಿಲ್ಲ. ಮೊದಮೊದಲು ತಲೆಬುಡ ತಿಳಿಯಲಿಲ್ಲ, ಈಗ ಆ ದರ್ಜಿ ಪಕ್ಕದ ಮನೆಯವಳಷ್ಟು ಹತ್ತಿರವಾಗಿದ್ದಾಳೆ ಎಂದಳು. ತಲೆನೋವು ಎಂದರೂ ನಡೆಯಲಿಲ್ಲ. ಹಾಗಾದರೆ ಒಳಗೆ ಹೋಗಿ ಮಲಗು ಎಂಬ ಉತ್ತರ ಬಂತು. ಇವಳು ಚಪ್ಪಲಿಯನ್ನೂ ಬಿಚ್ಚದೆ ಎದುರಿಗೆ ನೆಲದ ಮೇಲೆ ಕುಸಿದಳು.

ದರ್ಜಿ ಕಾಲರು ಕತ್ತರಿಸಿದಳು. ಗಂಡನ ಕೆಮ್ಮನ್ನು ನೆನೆದಳು. ತೋಳಿನ ಅಳತೆ ಮರೆತಳು. ಬಂದ ಒಂದೊಂದು ಮಾತೂ ಪುಸ್ತಕದ್ದೇ, ಸದ್ಯ, ಬಚಾವಾದೆ, ಬರೀ ಅಂದುಕೊಂಡಿದ್ದಷ್ಟೇ ಎಂದು ಇವಳ ಹೋದ ಜೀವ ಮರಳುವ ಹೊತ್ತಿಗೆ ಆ ದನಿ, ಎಲ್ಲೂ ತಡವರಿಸದೆ, ಅಕ್ಕ ಇಲ್ಲದ ಮನೆ ಹೇಗಿರಬಹುದು ಎಂದಿತು. ಒಂದೇ ಒಂದು ದಿನ, ಎಂದಿತು. ಬಾಗಿಲು ತೆರೆದರೆ ಒಳಗೆ ಯಾರೂ ಇಲ್ಲ, ಎಂದಿತು. ಮತ್ತೆ ತಣ್ಣಗೆ ಗುಂಡಿಗಳ ಲೆಕ್ಕಕ್ಕೆ ಹೋಯಿತು.

ಅಕ್ಕನ ಬೆರಳು ಫೋನಿನ ಮೇಲೆ ಆಡಿತು. ಹಿಂದಕ್ಕೆ ಹೋಗಿ ಅಷ್ಟನ್ನೇ ಇನ್ನೊಮ್ಮೆ ಕೇಳಿ ನಿಲ್ಲಿಸಿದಳು.

“ಇದು ಪುಸ್ತಕದಲ್ಲಿ ಇಲ್ಲ.”

ಇದೆ ಎಂದುಬಿಟ್ಟರೆ ಮುಗಿದುಹೋಗುತ್ತಿತ್ತು. ಪುಟ ಬಿಚ್ಚಿ ನೋಡುವ ಕಣ್ಣು ಅಕ್ಕನಿಗಿರಲಿಲ್ಲ. ಆ ಸುಳ್ಳು ನಾಲಗೆಯ ತುದಿವರೆಗೂ ಬಂತು.

“ಇಲ್ಲ,” ಎಂದಳು. “ಹೇಗ್ ಗೊತ್ತಾಯ್ತು?”

“ಅಲ್ಲಿವರೆಗೂ ನೀನು ಓದ್ತಾ ಇದ್ದೆ. ಅಲ್ಲಿ ಮಾತಾಡಿದೀಯ.”

ಇವಳು ಅತ್ತುಬಿಟ್ಟಳು. ತಾನು ಹಾಗೆಲ್ಲ ಅಂದುಕೊಳ್ಳುವವಳಲ್ಲ, ಆ ದರಿದ್ರ ಪುಸ್ತಕ ಎಲ್ಲಿಂದಲೋ ಹೊರಗೆಳೆದು ಹಾಕಿತು, ನಾಳೆಯೇ ತೆಗೆಸುತ್ತೇನೆ ಎಂದು ಏನೇನೋ ಬಡಬಡಿಸಿದಳು. ಅಕ್ಕ ಬಯ್ಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಕಾದಳು. ಅಕ್ಕ ಎರಡೂ ಮಾಡದೆ ಕಾಲು ಮಡಚಿ ಮಂಚದ ಮೇಲೆ ಜಾಗ ಬಿಟ್ಟುಕೊಟ್ಟಳು.

“ಇಷ್ಟಕ್ಕೆಲ್ಲ ಅಳ್ತಾರಾ? ನಂಗೂ ಹಾಗೇ ಆಗತ್ತೆ. ಬೆಳಗ್ಗೆ ನೀನು ಬಾಗಿಲು ಎಳ್ಕೊಂಡು ಹೋಗ್ತೀಯಲ್ಲ, ಮೆಟ್ಟಿಲ ಮೇಲೆ ನಿನ್ನ ಚಪ್ಪಲಿ ಸದ್ದು ನಿಂತ ಕೂಡ್ಲೇ, ಅಬ್ಬ, ಹೋದ್ಲು ಅನ್ಸತ್ತೆ. ಸಂಜೆ ಬರ್ದೇ ಇದ್ರೂ ಆಗತ್ತೇನೋ ಅನ್ಸತ್ತೆ.”

ತಂಗಿಗೆ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಯಾರೋ ದರ್ಜಿಯ ತಲೆಯೊಳಗಿನ ಕಸಕಡ್ಡಿಯನ್ನೆಲ್ಲ ಉಸಿರು ಬಿಗಿಹಿಡಿದು ಓದಿದವಳಿಗೆ, ದಿನವೆಲ್ಲ ಈ ಮಂಚದ ಮೇಲೆ ಕೂತ ಅಕ್ಕನ ತಲೆಯೊಳಗೂ ಏನೋ ಓಡುತ್ತಿರಬಹುದೆಂದು ಇಷ್ಟು ವರ್ಷ ಒಮ್ಮೆಯೂ ಹೊಳೆದಿರಲಿಲ್ಲ. ಮೂಗು ಒರೆಸಿಕೊಂಡು ಕೇಳಿದಳು.

“ಯಾವಾಗ್ಲಾದ್ರೂ ಒಂದ್ಸಲ, ಅಲ್ವಾ?”

“ದಿನಾ,” ಎಂದಳು ಅಕ್ಕ.