ತಿರುವುಮುರುವು ಜೇಬು

ಒಂದು ಕಡೆ ಕೂತವಳಲ್ಲ, ಅದಕ್ಕೇ ಮನೆಯವರೆಲ್ಲ ಅವಳನ್ನು ಚಿಟ್ಟೆ ಎನ್ನುತ್ತಿದ್ದರು. ಅಮ್ಮ ಹೊಲಿದುಕೊಟ್ಟ ಫ್ರಾಕಿಗೆ ಬಲಗಡೆ ಒಂದು ಭಾರಿ ಜೇಬು. ಚಿಟ್ಟೆ ಅದರೊಳಗಿಂದ ಕನ್ನಡಕ, ಛತ್ರಿ, ಕೊನೆಗೊಂದು ಬೆಕ್ಕಿನ ಮರಿಯನ್ನು ಹೊರತೆಗೆಯುವ ವಿಡಿಯೊ ಹಾಕಿದಳು. ನೋಡಿದವರೆಲ್ಲ ಬಿದ್ದು ಬಿದ್ದು ನಕ್ಕರು, ಆಮೇಲೆ ತಮಗೂ ಅಂಥದ್ದೇ ಫ್ರಾಕ್ ಬೇಕೆಂದರು. ಹೀಗೆ ಆನ್‌ಲೈನ್ ಅಂಗಡಿ ಶುರುವಾಯಿತು. ಅಮ್ಮನ ಮಿಷನ್ನಿಗೆ ಉಸಿರಾಡಲೂ ಪುರುಸೊತ್ತಿಲ್ಲದಂತಾಯಿತು.

ಹೆಸರು ಬಂದಮೇಲೆ ಚಿಟ್ಟೆಯ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

"ಅಮ್ಮಾ, ಇನ್ಮೇಲೆ ಹೊಲಿಗೆಯೆಲ್ಲ ಗಾರ್ಮೆಂಟ್ಸಿಗೆ ಕೊಡ್ತೀನಿ. ನೀನು ಸುಮ್ಮನೆ ಕೂತ್ಕೋ."

"ಇಷ್ಟು ದಿನ ನಿಂತುಕೊಂಡು ಹೊಲೀತಿದ್ನಾ?"

ಚಿಟ್ಟೆ ನಕ್ಕಳು. ಅಮ್ಮ ನಗಲಿಲ್ಲ. ಮಿಷನ್ನಿಗೆ ಮುಸುಕು ಹಾಕಿದವಳು ಮತ್ತೆ ಫ್ರಾಕಿನ ಮಾತೇ ಎತ್ತಲಿಲ್ಲ. ವ್ಯಾಪಾರದ ಗದ್ದಲದಲ್ಲೂ ಆ ಮೌನ ಚಿಟ್ಟೆಯನ್ನು ಚುಚ್ಚುತ್ತಿತ್ತು.

ಗಾರ್ಮೆಂಟ್ಸಿನ ಕಟಿಂಗ್ ಮಾಸ್ಟರಿಗೆ ಮಾದರಿ ಫ್ರಾಕ್ ಕಳಿಸಬೇಕಿತ್ತು. ಅವಸರದ ಹುಡುಗಿ, ತಾನೇ ತೊಟ್ಟು ಸೆಲ್ಫಿ ಕಳಿಸಿದಳು. ಅವಳ ಫೋನಿನ ಸೆಲ್ಫಿ ಕನ್ನಡಿಯಂತೆ ಎಡವನ್ನು ಬಲ ಮಾಡುತ್ತದೆಂಬುದು ತಲೆಗೆ ಹೊಳೆಯಲೇ ಇಲ್ಲ. ಮಾಸ್ಟರ್ ಕಂಡದ್ದನ್ನು ಕಂಡಂತೆ ಹೊಲಿಸಿದ. ಸಾಲು ಸಾಲು ಫ್ರಾಕು, ಎಲ್ಲಕ್ಕೂ ಜೇಬು ಎಡಕ್ಕೆ!

"ಅಕ್ಕಾ, ಜೇಬಿಗೆ ಬಲಗೈ ಹಾಕೋಕೆ ಬುಗುರಿ ಥರ ತಿರುಗಬೇಕು!" ಎಂದು ಕೊಂಡವರು ಬರೆದರು. ಹೋದ ಮೂಟೆಗಳೆಲ್ಲ ವಾಪಸು ಬಂದವು. ಅಂಗಡಿ ಮುಚ್ಚಿತು.

ಮೂಟೆಗಳ ನಡುವೆ ಚಿಟ್ಟೆ ಮುಖ ಇಳಿಬಿಟ್ಟು ಕೂತಿದ್ದಳು. ಅಮ್ಮ ಬಂದು ಒಂದು ಫ್ರಾಕನ್ನು ಸೀರೆಯ ಮೇಲೆಯೇ ತೊಟ್ಟು, ಬಲಗೈಯನ್ನು ಹೊಟ್ಟೆಗೆ ಅಡ್ಡ ತಂದು ಜೇಬಿಗೆ ತೂರಿಸಿದಳು. ಕೈ ಸಿಕ್ಕಿಕೊಂಡಿತು. ಎಳೆಯಲು ಹೋಗಿ ಗಿರ್ರನೆ ಒಂದು ಸುತ್ತು ತಿರುಗಿ ಮೂಟೆಯ ಮೇಲೆ ಕುಕ್ಕರಿಸಿದಳು.

"ಅಯ್ಯೋ, ನನ್ನ ಕೈ ನನಗೇ ಸಿಗ್ತಿಲ್ಲ ಕಣೇ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗದ್ದಲ ಕೇಳಿ ಬಂದ ಚಿಕ್ಕಮ್ಮ ಎಡಚಿ. ಒಂದು ಫ್ರಾಕ್ ತೊಟ್ಟು, ಕೈಯನ್ನು ಸಲೀಸಾಗಿ ಜೇಬಿಗಿಳಿಸಿದಳು.

"ಹುಟ್ಟಿದ ಮೇಲೆ ಮೊದಲ ಸಲ ಯಾರೋ ನನ್ನನ್ನ ನೆನೆಸ್ಕೊಂಡು ಹೊಲಿದಿದ್ದಾರೆ. ಇದು ನಂದು, ಯಾರೂ ಕೇಳಬೇಡಿ!"

ಅವಳು ಹೋದಮೇಲೆ ಚಿಟ್ಟೆ ಮೆಲ್ಲಗೆ ಕೇಳಿದಳು: "ಅಮ್ಮಾ, ಮತ್ತೆ ನನ್ನ ಜೊತೆ ಹೊಲೀತೀಯಾ?"

"ಇಲ್ಲ. ನೀನು ಹೊಲಿ, ನಾನು ಬೈತೀನಿ."

ಅಮ್ಮ ಮಿಷನ್ನಿನ ಮುಸುಕು ತೆಗೆದಳು. ಚಿಟ್ಟೆ ಒಂದು ಜೇಬು ಬಿಚ್ಚಿ ಬಲಗಡೆಗೆ ಇಟ್ಟು, ನಾಲಿಗೆ ಕಚ್ಚಿಕೊಂಡು, ನಾಲ್ಕೂ ಕಡೆ ಅಚ್ಚುಕಟ್ಟಾಗಿ ಹೊಲಿದಳು. ಜೇಬಿನ ಬಾಯಿಯೂ ಮುಚ್ಚಿಹೋಯಿತು.

"ಭೇಷ್! ಇದಕ್ಕೆ ಯಾರ ಕೈಯೂ ಹೋಗಲ್ಲ," ಎಂದು ಅಮ್ಮ ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡಳು. "ಸ್ವಲ್ಪ ಆ ಕಡೆ ಸರ್ಕೋ."