ಬೀಗದ ಅಜ್ಜನ ರೆಕಾರ್ಡಿಂಗ್

“ಮಾತಾ? ಅವರದಾ?” ಮನೆ ಮಾಲೀಕ ಕೀಲಿಯನ್ನು ಅರ್ಧ ತಿರುಗಿಸಿದವನು ಅಲ್ಲಿಗೇ ನಿಲ್ಲಿಸಿ ಅವಳ ಮುಖ ನೋಡಿದ. “ಹದಿನೆಂಟು ವರ್ಷ ಬಾಡಿಗೆಗಿದ್ರು ಮೇಡಂ. ನನ್ನ ಹತ್ರ ಆಡಿದ ಮಾತನ್ನೆಲ್ಲ ಬರೆದ್ರೆ ಒಂದು ಹಾಳೆಯ ಹಿಂಬದಿ ಖಾಲಿ ಉಳಿಯುತ್ತೆ. ನಲ್ಲಿ ಸೋರ್ತಿದೆ ಅನ್ನೋರು. ನಲ್ಲಿ ಸರಿಹೋಯ್ತು ಅನ್ನೋರು. ಮುಗೀತು.”

ಬರೆದುಕೊಳ್ಳಲೆಂದು ತೆಗೆದಿದ್ದ ಪೆನ್ನನ್ನು ಪ್ರಶ್ನಕ್ಕ ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಅವಳ ನಿಜವಾದ ಹೆಸರು ಬಾನುಲಿ ಕೇಂದ್ರದ ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಕಮ್ಮಾರ, ದರ್ಜಿ, ಸೂಲಗಿತ್ತಿ, ಚಿತಾಗಾರದ ಕಾವಲುಗಾರ, ಹೀಗೆ ವಾರಕ್ಕೊಬ್ಬ ದುಡಿಯುವ ಮನುಷ್ಯನನ್ನು ಹುಡುಕಿಕೊಂಡು ಹೋಗಿ ಮಾತಾಡಿಸುವುದು ಅವಳ ಕೆಲಸ. ಕಲ್ಲನ್ನೂ ಬಾಯಿ ಬಿಡಿಸುತ್ತಾಳೆ ಎಂದು ಹೆಸರು ಬೇರೆ. ಅವಳ ಜೊತೆ ಹೋಗಿ ಮೈಕು ಜೋಡಿಸಿ ಧ್ವನಿ ಹಿಡಿಯುತ್ತಿದ್ದವನು ವೈರಣ್ಣ. ಇಪ್ಪತ್ತಾರು ವರ್ಷ ಅವಳ ಕೈಯಲ್ಲಿ ಮೈಕು, ಅವನ ಎದೆಯ ಮೇಲೆ ಯಂತ್ರ, ನಡುವೆ ಎರಡು ಮಾರು ವೈರು. ಆ ವೈರಣ್ಣ ಮೊನ್ನೆ ಈ ಕೋಣೆಯಲ್ಲಿ, ನಿದ್ದೆಯಲ್ಲೇ, ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟಿದ್ದ.

ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಅವನ ಅಕ್ಕ ಅವಳ ಕೈ ಹಿಡಿದುಕೊಂಡಿದ್ದಳು. “ನಾಲ್ಕು ಗಂಟೆಗೆ ಚಿತಾಗಾರದಲ್ಲಿ ಹತ್ತು ನಿಮಿಷ ಕೊಡ್ತಾರಂತೆ ಕಣಮ್ಮ. ಯಾರಾದ್ರೂ ನಾಲ್ಕು ಮಾತಾಡ್ಬೇಕು. ನಾನು ಅವನನ್ನ ವರ್ಷಕ್ಕೊಂದು ಸಲ ನೋಡ್ತಿದ್ದೆ, ಅದೂ ಬಸ್ಸು ಸಿಕ್ರೆ. ನೀನು ದಿನಾ ಜೊತೇಲಿದ್ದೋಳು. ಒಬ್ಬರೂ ತುಟಿ ಬಿಚ್ಚದೆ ಕಳಿಸಿದ್ರೆ ಅನಾಥ ಹೆಣ ಆಗಿಬಿಡುತ್ತೆ ನನ್ನ ತಮ್ಮ.”

“ಆಯ್ತಕ್ಕ, ನಾನು ಮಾತಾಡ್ತೀನಿ,” ಅಂದಿದ್ದಳು ಪ್ರಶ್ನಕ್ಕ. ಅದೇನು ಮಹಾ, ದಿನಾ ಮಾತಾಡುವ ಬಾಯಿ. ಆದರೆ ಆಸ್ಪತ್ರೆಯ ಮೆಟ್ಟಿಲಿಳಿಯುವಾಗ, ಎಲ್ಲಿಂದ ಶುರುಮಾಡಲಿ ಎಂದು ಯೋಚಿಸಿದವಳು ಅರ್ಧದಲ್ಲೇ ನಿಂತಳು. ವೈರಣ್ಣ ಎಲ್ಲಿಯವನು? ಗೊತ್ತಿಲ್ಲ. ಮದುವೆ ಯಾಕಾಗಲಿಲ್ಲ? ಗೊತ್ತಿಲ್ಲ. ಏನು ಕಂಡರೆ ಇಷ್ಟ, ಯಾವುದಕ್ಕೆ ಸಿಟ್ಟು? ಗೊತ್ತಿಲ್ಲ, ಗೊತ್ತಿಲ್ಲ. ಅವಳ ಫೋನಿನಲ್ಲಿ ಅವನ ನಂಬರು “ರೆಕಾರ್ಡಿಂಗ್” ಎಂದೇ ಇತ್ತು. ಸಾವಿರಾರು ಜನರನ್ನು ಪ್ರಶ್ನೆ ಕೇಳಿದವಳು ಪಕ್ಕದಲ್ಲಿದ್ದವನನ್ನು ಒಂದೇ ಒಂದು ಮಾತು ಕೇಳಿರಲಿಲ್ಲ. ಥೂ ನನ್ನ ಜನ್ಮಕ್ಕಿಷ್ಟು, ಎಂದುಕೊಂಡಳು.

ಕೇಂದ್ರದ ಡ್ರೈವರನನ್ನು ಕೇಳಿದರೆ, “ಹಿಂದಿನ ಸೀಟು, ಎಡಗಡೆ ಕಿಟಕಿ. ಇಳಿಯುವಾಗ ಬಾಗಿಲು ಮೆತ್ತಗೆ ಹಾಕೋರು, ಪಾಪ,” ಎಂದು ಹೇಳಿ ಗಾಡಿ ಸ್ಟಾರ್ಟ್ ಮಾಡಿದ. ಈಗ ಅಕ್ಕ ಹೇಳಿದ ಒಳ್ಳೆಯ ಅಂಗಿಯೊಂದನ್ನು ತರುವ ನೆಪದಲ್ಲಿ ಪ್ರಶ್ನಕ್ಕ ಅವನ ಕೋಣೆಗೆ ಬಂದಿದ್ದಳು. ಗಂಟೆ ಆಗಲೇ ಹನ್ನೆರಡೂವರೆ.

ಮಾಲೀಕ ಬಾಗಿಲು ತೆರೆದುಕೊಟ್ಟು ಕೆಳಗಿಳಿದು ಹೋದ. ಒಳಗೆ ಒಂದು ಮಂಚ, ಎರಡು ಕುರ್ಚಿ; ಒಂದು ಕೂರಲು, ಇನ್ನೊಂದರ ಮೇಲೆ ಮಡಿಸಿಟ್ಟ ಮೈಕಿನ ಸ್ಟ್ಯಾಂಡು. ಗೋಡೆಯ ಮೊಳೆಗಳಲ್ಲಿ ವೈರಿನ ಸುರುಳಿಗಳು ಉದ್ದದ ಪ್ರಕಾರ ಸಾಲಾಗಿ ನೇತಾಡುತ್ತಿದ್ದವು. ಬೀರುವಿನಲ್ಲಿ ಐದು ಅಂಗಿ, ಐದೂ ಬೂದು ಬಣ್ಣದ ತೆಳು ಹತ್ತಿಯವು. ಗಂಜಿ ಹಾಕಿದ ಬಟ್ಟೆ ಸರಬರ ಎಂದು ಮೈಕಿಗೆ ಕೇಳುತ್ತದೆಂದು ಅವನು ಯಾವತ್ತೂ ಗರಿಗರಿ ಅಂಗಿ ತೊಟ್ಟವನಲ್ಲ. ಇದ್ದುದರಲ್ಲಿ ಹೊಸದೊಂದನ್ನು ಎತ್ತಿಕೊಂಡಳು. ಪತ್ರವಿಲ್ಲ, ಡೈರಿಯಿಲ್ಲ, ಗೋಡೆಯ ಮೇಲೊಂದು ಫೋಟೋ ಇಲ್ಲ. ಮನುಷ್ಯ ಬದುಕಿದ್ದನೋ, ಬದುಕಿನ ಪಕ್ಕದಲ್ಲಿ ಸದ್ದಿಲ್ಲದೆ ನಿಂತಿದ್ದನೋ ಎಂದು ಅವಳಿಗೆ ಸಿಟ್ಟೇ ಬಂತು.

ಮಂಚದ ತಲೆದೆಸೆಯಲ್ಲಿ ಯಂತ್ರದ ಚೀಲವಿತ್ತು. ಅವಳು ತೆರೆದು ನೋಡಿದಳು. ಅರ್ಧ ಇಟ್ಟಿಗೆಯಷ್ಟಿನ ಕಪ್ಪು ರೆಕಾರ್ಡರು. ತಳದಲ್ಲಿ ಹೊರಗಿನ ಮೈಕಿನ ವೈರು ಸಿಕ್ಕಿಸಲು ಎರಡು ತೂತು, ನೆತ್ತಿಯ ಮೇಲೆ ಬಸವನಹುಳುವಿನ ಕೊಂಬಿನಂಥ ಅದರದೇ ಎರಡು ಪುಟ್ಟ ಮೈಕು. ಗುಂಡಿ ಒತ್ತಿದಳು. ಕೆಲಸ ಮುಗಿದ ಕೂಡಲೇ ಎಲ್ಲವನ್ನೂ ಕೇಂದ್ರಕ್ಕೆ ದಾಟಿಸಿ ಯಂತ್ರವನ್ನು ಅಳಿಸಿಡುವುದು ಕೇಂದ್ರದ ನಿಯಮ. ವೈರಣ್ಣ ನಿಯಮ ಮೀರಿದವನಲ್ಲ. ಆದರೂ ಅದರಲ್ಲಿ ಒಂದು ರೆಕಾರ್ಡಿಂಗ್ ಉಳಿದಿತ್ತು, ಒಂದೇ ಒಂದು. ಹೆಸರು “ಬೀಗದ ಅಜ್ಜ”, ತಾರೀಕು ಹದಿನಾಲ್ಕು ವರ್ಷ ಹಿಂದಿನದು. ನೋಡಿದ ಕೂಡಲೇ ಅವಳಿಗೆ ಗುರುತು ಹತ್ತಿತು.

*

ಅವತ್ತು ಹೋಗಿದ್ದು ಬೀಗ ರಿಪೇರಿಯ ಅಜ್ಜನ ಅಂಗಡಿಗೆ. ಅಂಗಡಿ ಅಂದರೆ ಎರಡು ಗೋಡೆಗಳ ನಡುವಿನ ಸಂದಿ. ಅಜ್ಜ ಹೊಸ್ತಿಲಲ್ಲಿ, ಪ್ರಶ್ನಕ್ಕ ಅವನೆದುರು ಮಣೆಯ ಮೇಲೆ, ವೈರಣ್ಣ ಹಿಂದೆ ಗೋಡೆಗೊರಗಿ ನಿಂತು. ಅವನು ಬ್ಯಾಟರಿ ಬದಲಿಸಿದ, ಅವಳ ಮೈಕಿನ ವೈರನ್ನು ಒಂದನೆಯ ತೂತಿಗೆ ಸಿಕ್ಕಿಸಿದ, ಅಜ್ಜನ ಅಂಗಿಗೆ ಕಚ್ಚಿಸಿದ ಪುಟ್ಟ ಮೈಕಿನದನ್ನು ಎರಡನೆಯದಕ್ಕೆ. ಪಟ್ಟಿಯನ್ನು ಕೊರಳಿಗೆ ಹಾಕಿ ಯಂತ್ರವನ್ನು ಎದೆಗೆ ನೇತುಹಾಕಿಕೊಂಡ. ಅಷ್ಟರಲ್ಲಿ ಹೆಡ್‌ಫೋನಿನ ವೈರು ಬುಡದಲ್ಲೇ ಕಿತ್ತುಬಂತು.

“ಇನ್ನೊಂದು ತರ್ಲಾ ಮೇಡಂ? ಒಂದು ಗಂಟೆ ಹಿಡಿಯುತ್ತೆ,” ಅಂದ.

“ಅಯ್ಯೋ, ಅಜ್ಜನಿಗೆ ಈಗ ಮಾತಿನ ಹುಮ್ಮಸ್ಸು ಬಂದಿದೆ. ಮುಳ್ಳು ಆಡ್ತಿದೆಯೋ ಇಲ್ವೋ ನೋಡಿ ಸಾಕು.”

ಧ್ವನಿಯ ಮಟ್ಟ ತೋರಿಸುವ ಮುಳ್ಳು ಆಡುತ್ತಿತ್ತು. ವೈರಣ್ಣ ತಲೆಯಾಡಿಸಿದ. ಐವತ್ತು ನಿಮಿಷ ಅಜ್ಜ ನಗಿಸಿದ, ಅಳಿಸಿದ, ಬೀಗಗಳ ಬಗ್ಗೆ ಹೇಳಿದ್ದೇ ಹೇಳಿದ. ಮರುದಿನ ಬೆಳಿಗ್ಗೆ ವೈರಣ್ಣ ಅವಳ ಮೇಜಿನ ಮುಂದೆ ನಿಂತು, “ರೆಕಾರ್ಡ್ ಆಗಿಲ್ಲ ಮೇಡಂ, ನನ್ನದೇ ತಪ್ಪು,” ಅಂದ.

ಅವಳು ಸಿಟ್ಟಿನಲ್ಲಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಇಡೀ ಕಚೇರಿ ತಿರುಗಿ ನೋಡಿತು. “ಇಷ್ಟು ವರ್ಷ ಕಿವಿ ಬಾಡಿಗೆಗೆ ಕೊಟ್ಟಿದ್ರಾ ವೈರಣ್ಣ? ಎರಡು ವೈರು ನೆಟ್ಟಗೆ ಜೋಡಿಸೋಕೆ ಬರಲ್ಲ ಅಂದ್ರೆ ನೀವು ಯಾಕಾದ್ರೂ ಬರ್ಬೇಕು?” ಹೆಡ್‌ಫೋನ್ ಬೇಡ ಅಂದವಳು ತಾನೇ ಎನ್ನುವುದು ಅವಳ ನೆನಪಿಗೂ ಬರಲಿಲ್ಲ, ಅವನೂ ನೆನಪಿಸಲಿಲ್ಲ. ಆ ವಾರ ಅಜ್ಜನನ್ನು ಮತ್ತೆ ಮಾತಾಡಿಸಿದರು. ಎರಡನೆಯ ಸಲಕ್ಕೆ ಅಜ್ಜನ ಮಾತು ಆರಿಹೋಗಿತ್ತು. ಅದಕ್ಕೂ ಅವಳು ವೈರಣ್ಣನ ಮೇಲೇ ಮುಖ ಸಿಂಡರಿಸಿಕೊಂಡು ಓಡಾಡಿದಳು.

*

ಆಗಿಲ್ಲ ಎಂದಿದ್ದನಲ್ಲ, ಮತ್ತೆ ಇದೇನು? ಪ್ರಶ್ನಕ್ಕ ಮಂಚದ ಅಂಚಿನಲ್ಲಿ ಕೂತು ಚೀಲದಲ್ಲಿದ್ದ ಹೆಡ್‌ಫೋನನ್ನು ಸಿಕ್ಕಿಸಿ ಕಿವಿಗೇರಿಸಿದಳು.

ಮೊದಲು ಬಟ್ಟೆಯ ಸದ್ದು, ಆಮೇಲೆ ಉಸಿರು. ಯಾರೋ ಪಕ್ಕದಲ್ಲೇ ಕೂತು ಉಸಿರಾಡುತ್ತಿರುವಷ್ಟು ಹತ್ತಿರದ ಉಸಿರು. ಅವಳದೇ ಧ್ವನಿ ದೂರದಲ್ಲೆಲ್ಲೋ, ಪಕ್ಕದ ಬೀದಿಯಿಂದ ಬಂದಂತೆ. ಅಜ್ಜನದು ಇನ್ನೂ ದೂರ. ಅವಳಿಗೆ ವಿಷಯ ತಿಳಿಯಲು ಎರಡು ನಿಮಿಷ ಬೇಕಾಯಿತು. ವೈರುಗಳು ಸರಿಯಾಗಿಯೇ ಇದ್ದವು. ಬ್ಯಾಟರಿ ಬದಲಿಸಿದಾಗ ಈ ಹಳೆಯ ಯಂತ್ರ ಎಲ್ಲ ಮರೆತು ತನ್ನ ನೆತ್ತಿಯ ಮೈಕಿಗೆ ವಾಪಸು ಹೋಗಿಬಿಡುತ್ತದೆ. ಅದನ್ನು ಕೈಯಾರೆ ಹೊರಗಿನ ಮೈಕಿಗೆ ತಿರುಗಿಸಬೇಕು. ಅವನು ತಿರುಗಿಸಿರಲಿಲ್ಲ. ಮುಳ್ಳು ಆಡಿದ್ದೇನೋ ಹೌದು. ಆದರೆ ಐವತ್ತು ನಿಮಿಷ ಯಂತ್ರ ಕೇಳಿಸಿಕೊಂಡಿದ್ದು ಅದನ್ನು ಎದೆಗೆ ಕಟ್ಟಿಕೊಂಡವನನ್ನು.

ದೂರದಲ್ಲಿ ಅವಳು ಕೇಳುತ್ತಿದ್ದಳು: “ಈ ಕೆಲಸಕ್ಕೆ ಹೇಗೆ ಬಂದ್ರಿ ಅಜ್ಜ?”

ಅಜ್ಜ ಏನೋ ಗೊಣಗುಟ್ಟಿದ. ಅದರ ಮೇಲೆ, ಕಿವಿಗೆ ತುಟಿಯಿಟ್ಟಷ್ಟು ಹತ್ತಿರ, ಪಿಸುದನಿ: “ಅಪ್ಪನ ರೇಡಿಯೋ ಬಿಚ್ಚಿದೆ. ಜೋಡಿಸೋಕೆ ಬರ್ಲಿಲ್ಲ. ಅಪ್ಪ ಚೆನ್ನಾಗಿ ಬಾರಿಸಿದ್ರು. ಅಲ್ಲಿಂದ ಶುರು.”

ಪ್ರಶ್ನಕ್ಕನ ಕೈ ಹೆಡ್‌ಫೋನಿನ ಮೇಲೆಯೇ ನಿಂತಿತು. ಇನ್ನೊಂದು ಪ್ರಶ್ನೆ: “ಯಾವಾಗಾದ್ರೂ ತುಂಬ ಹೆದರಿದ್ದುಂಟಾ?”

“ಅಮ್ಮ ಹೋದ ಮರುದಿನ. ಅವಳ ಧ್ವನಿ ನೆನಪು ಮಾಡ್ಕೊಳ್ಳೋಣ ಅಂತ ಕೂತೆ. ಬರ್ಲಿಲ್ಲ. ಇವತ್ತಿಗೂ ಬಂದಿಲ್ಲ.”

ಅಭ್ಯಾಸ ಬಲದ ಮಾತು ಅದು, ಮೊದಲ ಸಲದ್ದಲ್ಲ. ಪ್ರಶ್ನೆ ಬಿದ್ದ ಕೂಡಲೇ ಉತ್ತರ. ಅಜ್ಜನ ಮಾತಿಗೆ ಅಡ್ಡ ಬಾರದಷ್ಟು ಮೆಲ್ಲಗೆ. ಅವಳು ಅಜ್ಜನನ್ನು ಕೇಳುವಳು, ವೈರಣ್ಣ ಹೇಳುವನು. ಇಪ್ಪತ್ತಾರು ವರ್ಷ ಅವನ ತಲೆಯ ಮೇಲೆ ಹೆಡ್‌ಫೋನು, ಅದರೊಳಗೆ ಅವಳ ಧ್ವನಿ. ಎಷ್ಟು ಪ್ರಶ್ನೆ ಕೇಳಿದ್ದಳೋ ಅಷ್ಟನ್ನೂ ಅವನ ಕಿವಿಯಲ್ಲೇ ಕೇಳಿದ್ದಳು. ಅವನು ಒಂದಕ್ಕೂ ಉತ್ತರ ಬಾಕಿ ಇಟ್ಟಿರಲಿಕ್ಕಿಲ್ಲ. ಅವಳು ಒಮ್ಮೆ ಕತ್ತು ಹೊರಳಿಸಿದ್ದರೆ ಸಾಕಿತ್ತು.

“ಮನೆಗೆ ಹೋದ ಮೇಲೆ ಯಾರ ಹತ್ರ ಮಾತಾಡ್ತೀರಿ ಅಜ್ಜ?”

ಮೊಮ್ಮಕ್ಕಳು ಬಾಯಿ ತೆರೆಯಲು ಬಿಟ್ಟರೆ ತಾನೇ ಎಂದು ಅಜ್ಜ ದೂರದಲ್ಲಿ ನಗುತ್ತಿದ್ದ.

“ಮನೆಗೆ ಹೋಗಿ ಯಾಕೆ,” ಅಂದಿತು ಹತ್ತಿರದ ದನಿ. “ಇಲ್ಲೇ ಆಯ್ತಲ್ಲ.”

ಅವಳು ಹೆಡ್‌ಫೋನ್ ಕಿತ್ತು ಮಡಿಲಲ್ಲಿಟ್ಟುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಇದನ್ನು ಅಳಿಸಲು ಒಂದು ಗುಂಡಿ ಸಾಕಿತ್ತು. ಬೈಸಿಕೊಂಡ ದಿನವೂ ಅವನು ಅದನ್ನು ಒತ್ತಿರಲಿಲ್ಲ, ಆಮೇಲಿನ ಹದಿನಾಲ್ಕು ವರ್ಷವೂ ಒತ್ತಿರಲಿಲ್ಲ. ಕೆಳಗಿನಿಂದ ಡ್ರೈವರ್ ಹಾರ್ನ್ ಮಾಡಿದ. ಅವಳು ಮೂಗು ಒರೆಸಿಕೊಂಡು, ಅಂಗಿಯನ್ನೂ ಯಂತ್ರವನ್ನೂ ಎತ್ತಿಕೊಂಡು, ಉಳಿದದ್ದನ್ನು ಕಾರಿನಲ್ಲಿ ಕೇಳುತ್ತ ಹೋದಳು.

*

ಚಿತಾಗಾರದ ಹಜಾರದಲ್ಲಿ ನಲವತ್ತು ಕುರ್ಚಿ, ಏಳು ಜನ. ಉದ್ದ ಮೇಜಿನ ಮೇಲೆ ವೈರಣ್ಣ ಬೂದು ಅಂಗಿಯಲ್ಲಿ ಮಲಗಿದ್ದ. ಗೋಡೆಯ ಪಕ್ಕದ ಧ್ವನಿವರ್ಧಕದ ಪೆಟ್ಟಿಗೆಯಿಂದ ಉದ್ದನೆಯ ವೈರು ಬಂದು ಒಂದು ಮೈಕಿನಲ್ಲಿ ಮುಗಿದಿತ್ತು. ಏಳು ಜನರಿಗೆ ಮೈಕು ಯಾಕೆ ಎಂದು ಯಾರಿಗೂ ಹೊಳೆದ ಹಾಗಿರಲಿಲ್ಲ.

ಮೇಲ್ವಿಚಾರಕ ಗಡಿಯಾರ ನೋಡಿ, “ಹತ್ತು ನಿಮಿಷ. ಆಮೇಲೆ ನಾನು ಬಂದು ಕರೀತೀನಿ,” ಎಂದು ಹೊರಗೆ ಹೋದ.

ಪ್ರಶ್ನಕ್ಕ ಮೈಕನ್ನು ಕೈಗೆ ತೆಗೆದುಕೊಂಡಳು. “ಇವರ ಬಗ್ಗೆ ನನಗೆ ಏನೂ ಗೊತ್ತಿರ್ಲಿಲ್ಲ,” ಅಂದಳು. “ನಾನು ಯಾವತ್ತೂ ಕೇಳ್ಲಿಲ್ಲ. ನನ್ನ ತಪ್ಪಿಗೆ ಇವರನ್ನ ಎಲ್ಲರೆದುರು ಬೈದಿದ್ದೀನಿ. ಅದನ್ನೂ ಇಲ್ಲಿ ಎಲ್ಲರೆದುರೇ ಹೇಳ್ಬೇಕು.” ಆಮೇಲೆ ಬಿಚ್ಚಿದ ರೇಡಿಯೋದ ಕತೆ ಹೇಳಿದಳು. ಅಪ್ಪ ಚೆನ್ನಾಗಿ ಬಾರಿಸಿದರಂತೆ ಎಂದಳು.

“ಅಪ್ಪನಾ?” ಅಕ್ಕ ಮೊದಲ ಸಾಲಿನಿಂದಲೇ ದನಿಯೆತ್ತಿದಳು. “ಬಾರಿಸಿದ್ದು ನಾನು ಕಣಮ್ಮ! ಸೌದೆ ತಗೊಂಡು! ಅಪ್ಪನ ಹೆಸರು ಹೇಳಿ ನನ್ನನ್ನ ಉಳಿಸಿದಾನೆ ನೋಡು, ಕಳ್ಳ!” ನಗುತ್ತ ಶುರುವಾದದ್ದು ಅಳುವಾಗಿ, ಡ್ರೈವರ್ ಎದ್ದು ಹೋಗಿ ಅವಳ ಪಕ್ಕ ಕೂತ.

ಅಮ್ಮನ ಧ್ವನಿ ನೆನಪಾಗದ ಮಾತನ್ನೂ ಪ್ರಶ್ನಕ್ಕ ಹೇಳಿದಳು. ಮನೆ ಮಾಲೀಕ ತಲೆ ತಗ್ಗಿಸಿಕೊಂಡ. ಹೇಳಲು ಇನ್ನೂ ಬೇಕಾದಷ್ಟಿತ್ತು, ಐವತ್ತು ನಿಮಿಷದ್ದಿತ್ತು. ಆದರೆ ವೈರಣ್ಣನ ಮುಖದ ಕಡೆ ತಿರುಗಿದವಳಿಗೆ ಬೇರೆಯವರಿಗೆ ಹೇಳುತ್ತ ನಿಂತಿರುವುದೇ ತಪ್ಪು ಅನ್ನಿಸಿತು. ವೈರನ್ನು ಎಳೆದುಕೊಳ್ಳುತ್ತ ಮೇಜಿನ ಹತ್ತಿರ ಹೋದಳು. ಕಾರ್ಯಕ್ರಮದ ಪ್ರಶ್ನೆಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಮತ್ತೆ?” ಅಂದಳು. “ಏನ್ ಸಮಾಚಾರ ವೈರಣ್ಣ?”

ಕೇಳಿದವಳ ಕೈ ತಾನಾಗಿ ಮುಂದಕ್ಕೆ ಹೋಗಿ ಮೈಕನ್ನು ಅವನ ತುಟಿಯ ಬಳಿ ಹಿಡಿಯಿತು. ಗೋಡೆಯ ಪೆಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

ಕರೆಯಲು ಬಂದ ಮೇಲ್ವಿಚಾರಕ ಬಾಗಿಲನ್ನು ಅರ್ಧ ತಳ್ಳಿದವನು, ಒಳಗೆ ನೋಡಿ, ಅದು ಕಿರ್ ಎನ್ನದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನಿಂತ.